ನಾಲ್ಕುನೂರ ಹದಿಮೂರನೇ ಬುಶ್ಶು

ನಮ್ಮೂರಿನಲ್ಲಿ ತಾಯಿಯ ಮೇಲೆ ಅರ ಹಿಡಿಯುವ ಮುಂಚೆ ಮೂರು ಸಲ ಗಂಟೆ ಬಾರಿಸುತ್ತೇವೆ. ಮೊದಲ ಸಲಕ್ಕೆ ಹಿಟ್ಟಿನ ಗಿರಣಿಗಳು ನಿಲ್ಲುತ್ತವೆ. ಎರಡನೆಯ ಸಲಕ್ಕೆ ನೇಕಾರರು ಮಗ್ಗದಿಂದ ಕಾಲು ತೆಗೆದು ಮಡಚಿ ಕೂರುತ್ತಾರೆ, ತೊಟ್ಟಿಲು ತೂಗುತ್ತಿದ್ದವರು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ, ಬಾವಿಯ ಗಾಲಿಗೆ ಕೊಡ ಇಳಿಬಿಟ್ಟವರು ಅದನ್ನು ಮೇಲೆಳೆದು ಕಟ್ಟೆಯ ಮೇಲಿಡುತ್ತಾರೆ. ಮೂರನೆಯ ಸಲ ಬಾರಿಸಿದ ಮೇಲೆ ಅಚ್ಚುಮನೆಯಲ್ಲಿ ಲೋಹ ಉಜ್ಜುವ ಅರ ಆಡುತ್ತದೆ. ತಾಯಿ ಎಂದರೆ ಯಾವುದೇ ಬಿಡಿಭಾಗದ ಮೊದಲ ತುಂಡು. ಅದರಿಂದ ಅಚ್ಚು ತೆಗೆದು ಹೊಯ್ದ ಮಕ್ಕಳು ಯಾವ ಯಂತ್ರದ ಹೊಟ್ಟೆಯೊಳಗೆ ಕೂತಿರಲಿ, ತಾಯಿ ಎಷ್ಟು ಬದಲಾದರೆ ಅವೂ ಅಷ್ಟೇ, ಆ ಗಳಿಗೆಯಲ್ಲೇ ಬದಲಾಗುತ್ತವೆ. ಮಗುವನ್ನೊಂದೇ ತಿದ್ದುತ್ತೇನೆಂದು ಅರ ಹಿಡಿದರೆ ಉಪಯೋಗವಿಲ್ಲ. ಬೆಳಗಾಗುವಷ್ಟರಲ್ಲಿ ಅದು ತಾಯಿಯ ಆಕಾರಕ್ಕೆ ಮರಳಿರುತ್ತದೆ. ಆದ್ದರಿಂದ ನಮ್ಮಲ್ಲಿ ಅರ ಹಿಡಿಯುವುದಕ್ಕಿಂತ ಅರ ಹಿಡಿಯಲು ಅಪ್ಪಣೆ ಪಡೆಯುವುದೇ ದೊಡ್ಡ ಕೆಲಸ. ಆ ತುಂಡು ಯಾರ್ಯಾರ ಮನೆಯಲ್ಲಿದೆಯೋ ಅಷ್ಟೂ ಜನ ಒಪ್ಪಬೇಕು. ಒಬ್ಬರು ಒಲ್ಲೆ ಎಂದರೂ ಅರ ಗೂಡಿಗೆ ಹೋಗಬೇಕು.

ಆ ಒಪ್ಪಿಗೆ ಪಡೆಯಲು ಮನೆಮನೆ ತಿರುಗುವವಳು ನಾನು. ನನ್ನ ಹೆಸರು ಬನಶಂಕರಿ. ಊರಿಗೆಲ್ಲ ಬನಕ್ಕ. ಅಚ್ಚುಮನೆಯ ಗೋಡೆಗೆ ತೂಗುಹಾಕಿದ ತೊಂಬತ್ತಾರು ತಾಯಂದಿರು, ಅವರ ಮಕ್ಕಳು ಎಲ್ಲೆಲ್ಲಿದ್ದಾರೆಂದು ಬರೆದಿಟ್ಟ ಪಟ್ಟಿಗಳು, ಎರಡೂ ನನ್ನ ಸುಪರ್ದಿಗೆ ಬಂದು ಎಂಟು ವರ್ಷವಾಗಿತ್ತು. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಮೌನೇಶಪ್ಪನವರ ಕೈಕೆಳಗೆ ಪಟ್ಟಿ ಬರೆಯುತ್ತಿದ್ದೆ. ಮೌನೇಶಪ್ಪನವರು ಸ್ವತಃ ಹನ್ನೆರಡು ತಾಯಂದಿರನ್ನು ಮಾಡಿದವರು. ಕೈ ನಡುಗಲು ಶುರುವಾದ ಮೇಲೆ ಬೀಗದ ಕೈ ನನಗೆ ಕೊಟ್ಟು ಮನೆಯಲ್ಲಿ ಕೂತರು. ನಾನು ಅಷ್ಟಿಷ್ಟು ಅರ ಆಡಿಸಿದ್ದೆ, ನಿಜ. ಆದರೆ ಹೊಸದಾಗಿ ಒಂದು ತಾಯಿಯನ್ನು ಮಾಡಿರಲಿಲ್ಲ. ಊರಿನವರು ನನ್ನನ್ನು ಪಟ್ಟಿ ಬರೆಯುವಾಕೆ ಎಂದೇ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಆ ವರ್ಷ ಹೊಳೆ ಉಕ್ಕಿ ಕೆಳಗಿನ ಹತ್ತು ಹಳ್ಳಿಗಳ ಬಾವಿಗಳಿಗೆ ಉಸುಕು ತುಂಬಿತು. ಅವರಿಗೆ ಅರವತ್ತು ಕೈಪಂಪುಗಳನ್ನು ಮಾಡಿಕೊಡುವ ಕೆಲಸವನ್ನು ನಮ್ಮೂರಿನ ಚನಮಲ್ಲಪ್ಪ ಒಪ್ಪಿಕೊಂಡ. ಚನಮಲ್ಲಪ್ಪನ ಪಂಪು ಎಂದರೆ ಸುತ್ತಲಿನ ಸೀಮೆಗೆಲ್ಲ ಹೆಸರು. ಅವನು ಆ ಪಂಪಿಗೂ ಹನ್ನೊಂದನೇ ನಂಬರಿನ ಬುಶ್ಶನ್ನೇ ಹಾಕಲು ಹೊರಟಿದ್ದ. ಹನ್ನೊಂದನೆಯದು ಬೆರಳುದ್ದದ ಹಿತ್ತಾಳೆ ಬುಶ್ಶು, ದಂಡ ಒಳಗೆ ತಿರುಗುವ ಟೊಳ್ಳು ಕೊಳವೆ, ಒಂದು ತುದಿಗೆ ಚೂರು ಹೊರಚಾಚಿದ ಅಂಚು. ಮಗ್ಗ, ಗಿರಣಿ, ತೊಟ್ಟಿಲು, ಬಾವಿಗಾಲಿ, ಎಲ್ಲೆಲ್ಲಿ ತಿರುಗುವ ದಂಡವಿದೆಯೋ ಅಲ್ಲೆಲ್ಲ ಅದೇ. ಆದರೆ ಹೊಸ ಪಂಪಿನಲ್ಲಿ ಆ ಅಂಚು ಒಳಗೋಡೆಗೆ ಉಜ್ಜಿ, ನೂರು ಸಲ ಒತ್ತುವಷ್ಟರಲ್ಲಿ ಕಾದು ಕಚ್ಚಿಕೊಳ್ಳುತ್ತಿತ್ತು.

ಚನಮಲ್ಲಪ್ಪ ಅಚ್ಚುಮನೆಗೆ ಬಂದು ಅಂಚನ್ನು ಪೂರ್ತಿ ತೆಗೆಯಬೇಕೆಂದ. ಉಳಿದವರಿಗೆ ಅಂಚಿನಿಂದ ಏನೂ ಆಗಬೇಕಾದ್ದಿಲ್ಲ ಎನ್ನುವುದು ಅವನ ವಾದ. ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು. ನಾನು ಪಟ್ಟಿ ಹಿಡಿದು ಹನ್ನೆರಡು ದಿನ ತಿರುಗಿದೆ. ನೇಕಾರರು ಒಪ್ಪಿದರು, ಗಿರಣಿಯವರು ಒಪ್ಪಿದರು. ಬಾಣಂತಿಯೊಬ್ಬಳು ಕೂಸು ನಿದ್ದೆ ಮಾಡುವ ಹೊತ್ತಿನಲ್ಲಿ ಗಂಟೆ ಬಾರಿಸಬೇಡಿ ಎಂದಳು, ಆಗಲಿ ಎಂದೆ. ಎಲ್ಲ ಮುಗಿದ ಮೇಲೆ ಕೂಡಿಸಿ ನೋಡಿದರೆ ಸಿಕ್ಕ ಬುಶ್ಶುಗಳು ನಾಲ್ಕುನೂರ ಹನ್ನೆರಡು. ಎರಕದ ಮನೆಯಿಂದ ಹೊರಗೆ ಹೋದದ್ದು ನಾಲ್ಕುನೂರ ಹದಿಮೂರು.

ಒಂದು ಎಲ್ಲಿ ಹೋಯಿತೆಂದು ಹಳೆಯ ಪಟ್ಟಿ ತೆರೆದೆ. ಒಂಬತ್ತು ವರ್ಷದ ಹಿಂದೆ ಇದೇ ಬುಶ್ಶಿನ ಅಂಚನ್ನು ಒಂದು ಕೂದಲೆಳೆಯಷ್ಟು ತೆಳುಮಾಡಿದ್ದೆವು. ಆಗಲೂ ಒಂದು ಕಡಿಮೆ ಬಿದ್ದಿತ್ತು. ಅದರ ಎದುರಿಗೆ 'ಹೊಳೆಪಾಲು' ಎಂದು ಬರೆದಿತ್ತು. ಅಕ್ಷರ ನನ್ನದೇ. ಬಾಗಿಲ ಕೀಲು ಕೂರಿಸುತ್ತಿದ್ದ ಇಮಾಮಸಾಬ, ಕೈಜಾರಿ ಹೊಳೆಗೆ ಬಿತ್ತು ಎಂದಿದ್ದ. ಅರ ಹಿಡಿಯುವ ದಿನ ಹತ್ತಿರ ಬಂದಿತ್ತು. ನಾನು ಇನ್ನೊಂದು ಮಾತು ಕೇಳದೆ ಬರೆದುಕೊಂಡಿದ್ದೆ. ಈಗ ಇಮಾಮಸಾಬ ತೀರಿಕೊಂಡು ಐದು ವರ್ಷ. ಚನಮಲ್ಲಪ್ಪನೂ ಹೊಳೆಪಾಲು ಎಂದೇ ಬರೆದುಬಿಡು ಎಂದ. ಬರೆಯಲು ಕೂತೆ. ಆದರೆ ಆ ಹಳೆಯ ಪದವನ್ನು ನೋಡಿದಷ್ಟೂ, ಕಣ್ಣಾರೆ ಕಾಣದ್ದನ್ನು ಬರೆದಿದ್ದೆನಲ್ಲ ಎಂದು ಒಳಗೆಲ್ಲೋ ಚುಚ್ಚಿತು. ಪಟ್ಟಿ ಮುಚ್ಚಿ ಮತ್ತೆ ಚಪ್ಪಲಿ ಮೆಟ್ಟಿದೆ.

ಇಮಾಮಸಾಬ ಕೆಲಸ ಮಾಡಿದ ಕಡೆಗಳನ್ನೆಲ್ಲ ಒಂದೊಂದಾಗಿ ನೋಡುತ್ತ ನಾಲ್ಕನೇ ದಿನ ನೀರಿನ ಟಾಕಿಗೆ ಬಂದೆ. ಊರಿಗೆಲ್ಲ ನೀರು ಹಂಚುವ ಟಾಕಿ ಅದು. ಮೇಲಕ್ಕೆ ತೊಂಬತ್ತೆರಡು ಮೆಟ್ಟಿಲು. ದಿನಕ್ಕೆ ಎರಡು ಸಲ ಹತ್ತಿ ನೀರಿನ ಮಟ್ಟ ನೋಡಿ, ಗಾಲಿ ತಿರುಗಿಸಿ ನೀರು ಬಿಡುವವಳು ನೀಲವ್ವ. ನನ್ನ ವಾರಿಗೆಯವಳೇ. ಮಾತು ಕಡಿಮೆ, ಯಾರ ಮನೆಗೂ ಹೋಗುವವಳಲ್ಲ. ನಾನು ಟಾಕಿಯ ಬಾಗಿಲ ಕೀಲುಗಳನ್ನು ತಡಕುತ್ತಿದ್ದಾಗ ಅವಳು ಮೇಲಿನಿಂದ ಇಳಿದು ಬರುತ್ತಿದ್ದಳು. ಒಂದು ಹೆಜ್ಜೆಗೆ ಸದ್ದಿಲ್ಲ, ಇನ್ನೊಂದಕ್ಕೆ ಸಣ್ಣಗೆ ಕಿರ್ ಎಂಬ ಸದ್ದು. ಇಪ್ಪತ್ತೆರಡು ವರ್ಷ ಹನ್ನೊಂದನೇ ಬುಶ್ಶಿನ ಸದ್ದು ಕೇಳಿದ ಕಿವಿ ನನ್ನದು. ಅವಳು ಕೊನೆಯ ಮೆಟ್ಟಿಲಿಗೆ ಬರುವವರೆಗೂ ಆಲಿಸುತ್ತ ನಿಂತಿದ್ದೆ.

"ನೀಲವ್ವ, ನಿನ್ನ ಕಾಲಾಗಿನ ಎಣ್ಣಿ ಆರೇತಿ" ಎಂದೆ.

ಅವಳು ಕಂಬಿ ಹಿಡಿದು ನಿಂತಳು. ಆಮೇಲೆ ಮೆಟ್ಟಿಲ ಮೇಲೆ ಮೆಲ್ಲಗೆ ಕೂತು ಸೀರೆಯ ನಿರಿಗೆಯನ್ನು ಮಂಡಿಯವರೆಗೆ ಎತ್ತಿದಳು. ಎಡಗಾಲು ಮಂಡಿಯಿಂದ ಕೆಳಗೆ ಬೇವಿನ ಕಟ್ಟಿಗೆಯದು. ಮಂಡಿಯ ಜಾಗದಲ್ಲಿ ಹಿತ್ತಾಳೆ ಬುಶ್ಶು ಹೊಳೆಯುತ್ತಿತ್ತು, ಅದರ ಅಂಚಿಗೆ ತಂತಿ ಸುತ್ತಿತ್ತು.

ಅವಳು ಹೇಳಿದ್ದಿಷ್ಟು. ಹತ್ತೊಂಬತ್ತನೇ ವಯಸ್ಸಿನಲ್ಲಿ ಬೇರೆ ಊರಿನಲ್ಲಿ ಗಾಡಿಯ ಗಾಲಿಗೆ ಸಿಕ್ಕಿ ಕಾಲು ಹೋಯಿತು. ಇಲ್ಲಿಗೆ ಬಂದಾಗ ಇಮಾಮಸಾಬ ಕನಿಕರಪಟ್ಟು ಈ ಕಾಲು ಮಾಡಿಕೊಟ್ಟ. ಪಟ್ಟಿಗೆ ಸೇರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಕುಂಟಿಗೆ ಟಾಕಿ ಕೆಲಸ ಯಾರು ಕೊಡುತ್ತಾರೆ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡರು. ಅವಳ ಭಾರವೆಲ್ಲ ನಿಂತಿದ್ದು ಆ ಅಂಚಿನ ಮೇಲೆಯೇ. ಒಂಬತ್ತು ವರ್ಷದ ಹಿಂದೆ ಗಂಟೆ ಬಾರಿಸಿದಾಗ ಅವಳು ಅರವತ್ತನೇ ಮೆಟ್ಟಿಲಿನಲ್ಲಿದ್ದಳು. ಯಾವ ಬಿಡಿಭಾಗದ ಗಂಟೆ ಎಂದು ಅವಳ ಮನೆಗೆ ಹೋಗಿ ಹೇಳಿದವರಿರಲಿಲ್ಲ. ಅಂಚು ತೆಳುವಾದದ್ದೇ ಮಂಡಿ ಜಾರಿತು. ಎರಡು ಕೈಯಲ್ಲಿ ಕಂಬಿ ಹಿಡಿದು, ಒಂದು ಕಾಲಿನಲ್ಲಿ, ಬಿಸಿಲು ಇಳಿಯುವವರೆಗೂ ಅಲ್ಲಿಯೇ ಜೋತಿದ್ದಳು. ಆಮೇಲೆ ಕೂತುಕೂತು ಒಂದೊಂದೇ ಮೆಟ್ಟಿಲು ಇಳಿದಳು. ಮರುದಿನ ತಂತಿ ಸುತ್ತಿಕೊಂಡು ಮತ್ತೆ ಹತ್ತಿದಳು.

ಅವಳ ಪಕ್ಕದಲ್ಲೇ ಕೂತೆ. ಹೇಳದೆ ಏಳುವಂತಿರಲಿಲ್ಲ.

"ಆ ಸಲ ಹೊಳೆಪಾಲು ಅಂತ ಬರದಾಕಿ ನಾನು."

"ಗೊತ್ತೈತಿ" ಎಂದಳು ನೀಲವ್ವ. "ನಿನ್ನ ಅಕ್ಷರ ಭಾಳ ದುಂಡಗ ಅದಾವ ಅಂತಾರ ಊರಾಗ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಈಗ ಅಂಚೇ ಹೋದರೆ ಏನಾಗುತ್ತದೆಂದು ಕೇಳಿದೆ. ತಂತಿ ಸುತ್ತಲು ಏನಾದರೂ ಇರಬೇಕಲ್ಲ ಎಂದಳು. ಆ ಮಂಡಿಯನ್ನು ಬೇರೆ ರೀತಿ ಕಟ್ಟಬಲ್ಲವನು ಇಮಾಮಸಾಬ ಒಬ್ಬನೇ, ಅವನೂ ಈಗ ಇಲ್ಲ. ನೀನು ಒಲ್ಲೆ ಅಂದರೆ ಸಾಕು, ಅರ ನಿಲ್ಲುತ್ತದೆ ಎಂದೆ. ಒಲ್ಲೆ ಅನ್ನಲು ಹೆಸರು ಹೇಳಬೇಕು, ಹೆಸರು ಹೇಳಿದರೆ ಟಾಕಿ ಬಿಡಬೇಕು ಎಂದಳು. ಆ ತೊಂಬತ್ತೆರಡು ಮೆಟ್ಟಿಲಿನ ಮೇಲೆ ಅವಳಿಗೆ ಏನಿತ್ತೋ ನನಗೆ ಪೂರ್ತಿ ತಿಳಿಯದು. ಅಲ್ಲಿ ನಿಂತರೆ ಇಡೀ ಊರಿನ ಒಲೆ ಹೊತ್ತಿದ್ದು ಕಾಣುತ್ತದೆ, ಆ ಎಲ್ಲ ಒಲೆಗಳ ಮೇಲಿನ ನೀರು ನಾ ಬಿಟ್ಟಿದ್ದು ಎಂದಷ್ಟೇ ಅವಳು ಹೇಳಿದ್ದು.

ಮರುದಿನ ಅಚ್ಚುಮನೆಯ ಎದುರಿನ ಕಟ್ಟೆಯ ಮೇಲೆ ಊರು ಸೇರಿತ್ತು. ನಾಲ್ಕುನೂರ ಹದಿಮೂರನೆಯದು ಸಿಕ್ಕಿದೆ, ಅದರವರು ಒಪ್ಪಿಲ್ಲ, ಹೆಸರು ನಾನು ಹೇಳುವುದಿಲ್ಲ ಎಂದೆ. ಗುಜುಗುಜು ಎದ್ದಿತು. ಹೆಸರಿಲ್ಲದ ಒಲ್ಲೆಗೆ ಬೆಲೆಯಿಲ್ಲ ಎಂದರು ಕೆಲವರು. ನಾನು ನಂಟರಿಗಾಗಿ ಹೀಗೆ ಮಾಡುತ್ತಿದ್ದೇನೆ ಎಂದು ಯಾರೋ ಹಿಂದಿನಿಂದ ಅಂದದ್ದೂ ಕೇಳಿಸಿತು. ಚನಮಲ್ಲಪ್ಪ ದನಿ ಎತ್ತುವವನಲ್ಲ. ಎದ್ದು ನನ್ನ ಎದುರಿಗೆ ಬಂದು ನಿಂತ.

"ಹತ್ತು ಹಳ್ಳಿ ನೀರಿಗೆ ಕಾಯ್ತಾವು, ಬನಕ್ಕ. ಹೆಣ್ಣುಮಕ್ಕಳು ಎರಡು ಹರದಾರಿ ನಡದು ಕೊಡ ತರಾಕತ್ತಾರ. ಅವರಿಗೆ ಏನಂತ ಹೇಳಲಿ?"

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಬೇರೆ ದಾರಿಯೂ ಉಳಿಯಲಿಲ್ಲ.

"ಪಂಪಿಗೆ ಬ್ಯಾರೆ ತಾಯಿ ಮಾಡಿ ಕೊಡ್ತೀನಿ. ಎಂಟು ದಿನ ಕೊಡ್ರಿ" ಎಂದೆ.

ಯಾರು ಮಾಡುತ್ತಾರೆ ಎಂದು ಕೇಳಿದರು. ನಾನೇ ಎಂದೆ. ಯಾರೂ ನಗಲಿಲ್ಲ, ಅದೊಂದು ಪುಣ್ಯ. ಹೊಸ ತಾಯಿ ಮಾಡುವುದು ಎಷ್ಟು ಕಷ್ಟವೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಹಳೆಯದರ ಅಳತೆಯನ್ನು ಎಲ್ಲಿಯೂ ತಾಗಿಸಿಕೊಳ್ಳದೆ ಮಾಡಬೇಕು. ಹಳೆಯ ತುಂಡನ್ನು ನೋಡಿ ಅಳೆದರೆ, ಒರೆಹಚ್ಚಿದರೆ, ಹೊಸದೂ ಅದರ ಮಗುವೇ ಆಗಿಬಿಡುತ್ತದೆ. ಆಗ ಹನ್ನೊಂದನೆಯದಕ್ಕೆ ಏನಾದರೂ ಅದಕ್ಕೂ ಆಗುತ್ತದೆ. ಕೊನೆಯ ಹೊಸ ತಾಯಿ ಗೋಡೆ ಏರಿ ಇಪ್ಪತ್ತೈದು ವರ್ಷವಾಗಿತ್ತು.

ಮೌನೇಶಪ್ಪನವರ ಮನೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ, ಹೆಸರೊಂದನ್ನು ಬಿಟ್ಟು. ಹೊಳೆಪಾಲಿನ ಮಾತು ಬಂದಾಗ ಅವರು ಕಣ್ಣು ಮುಚ್ಚಿದರು. ಅದರ ಕೆಳಗೆ ರುಜು ಹಾಕಿದ್ದು ತಾವು ಎಂದರು. ಆಮೇಲೆ ಕೋಲು ಹಿಡಿದು ನನ್ನ ಜೊತೆಗೆ ಹೊರಟರು. ಲೇತಿನ ಪಕ್ಕ ಅವರಿಗೊಂದು ಕುರ್ಚಿ ಹಾಕಿದೆ. ಅವರು ಬಾಯಲ್ಲಿ ಹೇಳುವುದು, ನಾನು ಕೈಯಲ್ಲಿ ಮಾಡುವುದು. ಮೂರು ಹಿತ್ತಾಳೆ ತುಂಡು ಹಾಳಾದವು. ನಾಲ್ಕನೆಯದು ಐದನೇ ದಿನಕ್ಕೆ ನಯವಾಗಿ ಬಂತು.

ಪರೀಕ್ಷೆಗೂ ಗಂಟೆ ಬಾರಿಸಲೇಬೇಕು. ಹನ್ನೊಂದನೇ ತಾಯಿಯ ಮೈಮೇಲೆ ಸೂಜಿಮೊನೆಯಿಂದ ಒಂದು ಗೆರೆ ಎಳೆಯುತ್ತೇವೆ. ಅಷ್ಟರಿಂದ ಯಾವ ಯಂತ್ರಕ್ಕೂ ತೊಂದರೆಯಿಲ್ಲ, ಆದ್ದರಿಂದ ಅದಕ್ಕೆ ಒಪ್ಪಿಗೆ ಬೇಕಿಲ್ಲ. ಹೊಸದರ ಮೇಲೂ ಆ ಗೆರೆ ಮೂಡಿದರೆ ಅದು ಹಳೆಯದರ ಮಗು, ಮೂಡದಿದ್ದರೆ ತಾಯಿ. ಊರೆಲ್ಲ ನೋಡುತ್ತಿರುವಾಗ ಗೆರೆ ಎಳೆದೆ. ಮೇಜಿನ ಮೇಲಿದ್ದ ನನ್ನ ತುಂಡಿನ ಮೇಲೆ, ನೀರಿನಲ್ಲಿ ಕೂದಲು ತೇಲಿ ಬಂದ ಹಾಗೆ, ಅದೇ ಗೆರೆ ಬಂತು.

ಯಾಕೆಂದು ನನಗೆ ತಕ್ಷಣ ತಿಳಿಯಿತು. ಕೊನೆಯ ಗಳಿಗೆಯಲ್ಲಿ ಧೈರ್ಯ ಸಾಲದೆ, ಗೋಡೆಯ ಮೇಲಿನ ಹನ್ನೊಂದನೆಯದನ್ನು ಇಳಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ದಪ್ಪ ಸರಿಯಿದೆಯೇ ಎಂದು ಬೆರಳಾಡಿಸಿದ್ದೆ. ಅಷ್ಟೇ ಮಾಡಿದ್ದು. ಅದನ್ನು ಅಲ್ಲಿಯೇ ಎಲ್ಲರೆದುರು ಒಪ್ಪಿಕೊಂಡೆ. ಚನಮಲ್ಲಪ್ಪ ನನ್ನ ತುಂಡನ್ನು ಎತ್ತಿ, ಗೆರೆಯ ಮೇಲೆ ಉಗುರಾಡಿಸಿ, ಮತ್ತೆ ಮೇಜಿನ ಮೇಲಿಟ್ಟ. ಇನ್ನೂ ಮೂರು ದಿನ ಅದಾವಲ್ಲ ಎಂದು ಮೆಲ್ಲಗೆ ಅಂದು ಹೋದ. ಅವನು ಬೈದಿದ್ದರೆ ನಾನು ಕೈಬಿಡುತ್ತಿದ್ದೆನೋ ಏನೋ.

ಜನ ಚದುರಿದ ಮೇಲೆ ಮೌನೇಶಪ್ಪನವರು ಹೇಳಿದರು: "ಹಳೇದು ನಿನ್ನ ಕಣ್ಣಾಗ ಕುಂತೈತಿ. ಅದನ್ನ ಎಬ್ಬಿಸಿ ಕಳಸು. ಪಂಪಿಗೆ ಏನು ಬೇಕು ಅಂತ ಪಂಪನ್ನ ಕೇಳು."

ಆ ಮಾತು ಹಿಡಿದುಕೊಂಡು ನಾನು ಅಚ್ಚುಮನೆಗೆ ಬೀಗ ಹಾಕಿ ಚನಮಲ್ಲಪ್ಪನ ಶೆಡ್ಡಿಗೆ ಹೋದೆ. ಯಾವ ಬುಶ್ಶನ್ನೂ ಕಾಣದ ಹೊಸ ಪಂಪು, ಹೊಸ ದಂಡ ಬೇಕೆಂದೆ. ಚನಮಲ್ಲಪ್ಪ ದಂಡವನ್ನು ತಾನೇ ಕಡೆದು, ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಕೊಡುವ ಹಾಗೆ ನನ್ನ ಕೈಗಿಟ್ಟ. ಆಮೇಲೆ ನಾನು ಬೇರೆ ಏನನ್ನೂ ನೋಡಲಿಲ್ಲ. ದಂಡ ಎಷ್ಟು ದಪ್ಪ, ಅದು ತಿರುಗಲು ಎಷ್ಟು ಎಡೆ ಬೇಕು, ಎಣ್ಣೆ ಎಲ್ಲಿಂದ ಇಳಿಯಬೇಕು, ಗೋಡೆ ಎಲ್ಲಿಗೆ ಬಂತು. ಹಾಗೆ ನೋಡುತ್ತ ಹೋದಂತೆ ಅಂಚಿನ ನೆನಪೇ ಬರಲಿಲ್ಲ. ಹನ್ನೊಂದನೆಯದಕ್ಕಿಂತ ಇದು ತುಸು ಉದ್ದವಾಯಿತು, ಒಳಗೆ ಎಣ್ಣೆಗೆ ಒಂದು ಓರೆ ಕಾಲುವೆ ಬಂತು. ಮೌನೇಶಪ್ಪನವರು ಶೆಡ್ಡಿಗೂ ಬಂದು ಕುರ್ಚಿಯಲ್ಲಿ ಕೂತಿದ್ದರು, ಆದರೆ ಈ ಸಲ ಹೇಳಿಕೊಡುವ ಕೆಲಸ ಬೀಳಲಿಲ್ಲ. ಎಂಟನೇ ದಿನ ಬೆಳಗ್ಗೆ ದಂಡಕ್ಕೆ ಏರಿಸಿ ಬೆರಳ ತುದಿಯಿಂದ ತಳ್ಳಿದೆ. ಸದ್ದಿಲ್ಲದೆ ತಿರುಗಿತು. ತಿರುಗುತ್ತಲೇ ಇತ್ತು.

ಮತ್ತೆ ಗಂಟೆ, ಮತ್ತೆ ಕಟ್ಟೆ, ಮತ್ತೆ ಮೇಜು. ಎರಡನೇ ಸಲ ಗಂಟೆ ಬಾರಿಸಿ ಮೂರನೆಯದಕ್ಕೆ ಹಗ್ಗ ಹಿಡಿದಿದ್ದಾಗ ಜನರ ನಡುವೆ ದಾರಿಯಾಯಿತು. ನೀಲವ್ವ ಬರುತ್ತಿದ್ದಳು. ಬಂದವಳು ಕಟ್ಟೆಯ ಅಂಚಿನಲ್ಲಿ ಕೂತಳು. ಸೀರೆ ಎತ್ತಿ, ಕಾಲು ಬಿಗಿದ ತೊಗಲಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಎಡಗಾಲನ್ನು ಕಳಚಿ ಮೇಜಿನ ಮೇಲೆ, ನನ್ನ ಹೊಸ ಬುಶ್ಶಿನ ಪಕ್ಕಕ್ಕೆ ಇಟ್ಟಳು. ಇದನ್ನು ಅವಳಿಗೆ ನಾನು ಹೇಳಿರಲಿಲ್ಲ, ಬೇಡಿರಲಿಲ್ಲ.

"ನಾಲ್ಕುನೂರ ಹದಿಮೂರನೇದು ಇದು. ಇದರ ಮ್ಯಾಲೂ ನೋಡ್ರಿ" ಎಂದಳು.

ಗಂಟೆ ಬಾರಿಸಿತು. ಗೆರೆ ಎಳೆದೆ. ನೀಲವ್ವನ ಮಂಡಿಯ ಬುಶ್ಶಿನ ಮೇಲೆ ಗೆರೆ ಮೂಡಿತು. ಪಕ್ಕದಲ್ಲಿದ್ದ ಹೊಸದರ ಮೈ ಹಾಗೆಯೇ ಇತ್ತು. ಚನಮಲ್ಲಪ್ಪ ಅದನ್ನೆತ್ತಿ ಬಿಸಿಲಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದ. ಆಮೇಲೆ ಹಿರಿಯರ ಕೈಗೆ ಕೊಟ್ಟ. ಅದು ಕೈಯಿಂದ ಕೈಗೆ ಹೋಯಿತು. ನೇಕಾರರು ನೋಡಿದರು, ಗಿರಣಿಯವರು ನೋಡಿದರು, ಬಾಣಂತಿ ಕೂಸನ್ನು ಎತ್ತಿಕೊಂಡೇ ನೋಡಿದಳು. ಎಲ್ಲೂ ಗೆರೆಯಿರಲಿಲ್ಲ.

ನೀರಿನ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಮಾತ್ರ ಬುಶ್ಶನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲಿದ್ದ ಕಾಲನ್ನು ನೋಡುತ್ತಿದ್ದ. ಅವನು ಬಾಯಿ ತೆರೆಯುವ ಮುಂಚೆಯೇ ನೀಲವ್ವ ಕೇಳಿದಳು.

"ಹತ್ತೊಂಬತ್ತು ವರ್ಷ ಆತು ನಾ ಏರಾಕತ್ತು. ಒಂದು ದಿನ ಮಟ್ಟ ತಪ್ಪಿ ಹೇಳೇನೇನ್ರಿ?"

ಮೇಸ್ತ್ರಿ ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಆಮೇಲೆ ಇಲ್ಲ ಎಂದು ತಲೆಯಾಡಿಸಿದ.

"ಹಂಗಾದ್ರ ಕಾಲು ಕೊಡ್ರಿ. ಸಂಜೀದು ನೋಡಾಕ ಹೋಗಬೇಕು."

ಕಾಲನ್ನು ಎತ್ತಿಕೊಂಡವನು ಚನಮಲ್ಲಪ್ಪ. ತನ್ನ ಸೊಂಟದ ಎಣ್ಣೆಬುಡ್ಡಿ ತೆಗೆದು ಮಂಡಿಯ ಬುಶ್ಶಿಗೆ ಎರಡು ಹನಿ ಬಿಟ್ಟು, ಮಡಚಿ ಬಿಡಿಸಿ ನೋಡಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ನೀಲವ್ವ ಪಟ್ಟಿ ಬಿಗಿದುಕೊಂಡು ಎದ್ದು, ಬಂದ ದಾರಿಯಲ್ಲೇ ಹೋದಳು. ಎರಡೂ ಹೆಜ್ಜೆಗೆ ಸದ್ದಿರಲಿಲ್ಲ.

ಹೊಸದರಿಂದ ಅಚ್ಚು ತೆಗೆದು ಅರವತ್ತು ಮಕ್ಕಳನ್ನು ಹೊಯ್ದರು. ಚನಮಲ್ಲಪ್ಪನ ಶೆಡ್ಡಿನಲ್ಲಿ ಅರವತ್ತು ಪಂಪುಗಳೊಳಗೆ ಅವು ಕೂತವು. ಒಂದೊಂದನ್ನೂ ಸಾವಿರ ಸಲ ಒತ್ತಿ ನೋಡಿದರು, ಯಾವುದೂ ಕಾದು ಕಚ್ಚಿಕೊಳ್ಳಲಿಲ್ಲ. ಗಾಡಿಗೆ ಹೇರುವ ದಿನ ತಾಯಿಯನ್ನು ಗೋಡೆಗೆ ಏರಿಸಬೇಕಿತ್ತು. ಮೊದಲ ಮಕ್ಕಳು ಸರಿಯಾಗಿ ಕೂತ ಮೇಲೆ ಮಾಡಿದವರ ಹೆಸರನ್ನು ತಾಯಿಯ ಮೈಮೇಲೆ ಹೊಡೆಯುವುದು ನಮ್ಮ ವಾಡಿಕೆ. ಮೌನೇಶಪ್ಪನವರು ಅಕ್ಷರದ ಉಳಿಗಳ ಪೆಟ್ಟಿಗೆ ತಂದರು. ಕೈ ನಡುಗುತ್ತಿದ್ದರೂ ತಾವೇ ಹುಡುಕಿ ಒಂದೊಂದು ಉಳಿ ತೆಗೆದಿಟ್ಟರು.

"ಬನಕ್ಕ ಅಂತ ಹೊಡೀತೀಯೋ, ಪೂರಾ ಹೆಸರೋ?" ಎಂದು ಕೇಳಿದರು.

"ಪೂರಾ" ಎಂದೆ.

ಗಂಟೆ ಮೂರು ಸಲ ಬಾರಿಸಿತು. ಮೊದಲ ಉಳಿ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದೆ. ರಸ್ತೆಯಾಚೆ ಶೆಡ್ಡಿನಲ್ಲಿ ಚನಮಲ್ಲಪ್ಪನ ಆಳುಗಳು ಪಂಪುಗಳ ಮುಚ್ಚಳ ತೆಗೆದು ಬಗ್ಗಿ ನಿಂತಿದ್ದರು. ಬ ಬಂತು ಎಂದು ಅಲ್ಲಿಂದ ಕೂಗಿದರು. ಎರಡನೆಯದು ಹೊಡೆದೆ, ನ ಬಂತು ಎಂದರು. ಮೂರನೆಯ ಉಳಿ ಚೂರು ವಾರೆಯಾಯಿತು. ವಾರೆ ಬಂತು ಎಂದು ಯಾರೋ ಕೂಗಿದ್ದಕ್ಕೆ ಮೌನೇಶಪ್ಪನವರು ಇರಲಿ ಬಿಡು ಎಂದರು. ಐದನೆಯದನ್ನು ಹೊಡೆದು ಸುತ್ತಿಗೆ ಕೆಳಗಿಟ್ಟೆ. ಆಮೇಲೆ ಚನಮಲ್ಲಪ್ಪ ಮೊದಲ ಪಂಪಿನಿಂದ ಶುರುಮಾಡಿ, ಒಂದೊಂದರ ಒಳಗೂ ಇಣುಕಿ, ಗಟ್ಟಿಯಾಗಿ ಓದುತ್ತ ಬಂದ. ಬನಶಂಕರಿ. ಬನಶಂಕರಿ. ಬನಶಂಕರಿ. ನಾನು ಬಾಗಿಲಲ್ಲಿ ನಿಂತು ಅರವತ್ತೂ ಸಲ ಕೇಳಿಸಿಕೊಂಡೆ.